ಮುಹೂರ್ತವಿಲ್ಲದ ದಿನಗಳ ಸಿನಿಮಾ

ಸೀಮೆಸುಣ್ಣದ ಪುಡಿಯನ್ನು ಗೋಂದಿನ ನೀರಿನಲ್ಲಿ ಕಲಸಿದರೆ ಒಂದು ವಾಸನೆ ಬರುತ್ತದೆ. ಹಸಿ ಗೋಡೆಯದೂ ಅಲ್ಲ, ತಣಿದ ಗಂಜಿಯದೂ ಅಲ್ಲ, ಎರಡರ ನಡುವಿನದು. ಈ ಜೂನ್ ಮೊದಲ ವಾರ ನಮ್ಮ ಶಾಲೆಯ ಬಾಗಿಲುಗಳ ಮೇಲೆ ತರಗತಿಗಳ ಹೆಸರು ಬರೆಯಲೆಂದು ಅದನ್ನು ಕಲಸಿದ್ದೆ. ಮೂರನೇ ತರಗತಿಯ ಬಾಗಿಲು ಮುಗಿಯುವಷ್ಟರಲ್ಲಿ ತೋಳು ಸೋತುಹೋಯಿತು. ಮೂರು ಬಾಗಿಲಿಗೆ ಸೋಲುವ ತೋಳಲ್ಲ ನನ್ನದು. ಕುಂಚವನ್ನು ನೀರಿಗೆ ಹಾಕಿ ಹೊರಗೆ ಕಟ್ಟೆಯ ಮೇಲೆ ಕೂತೆ. ಮೂರು ವರ್ಷದ ಹಿಂದೆ, ತೊಂಬತ್ತಾರರಲ್ಲಿ, ಇದೇ ಬಿಳಿಯಲ್ಲಿ ಅರವತ್ತೆರಡು ಹಲಗೆ ಬರೆದಿದ್ದೆ. ಒಂದು ಮೂಕಿ ಸಿನಿಮಾಕ್ಕೆ.

ಅರವತ್ತೆರಡು ಎಂದು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಬರೆದಿಟ್ಟಿದ್ದೇನೆ. ಆ ವರ್ಷದ ನೋಟುಪುಸ್ತಕ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಪ್ರತಿ ಪುಟಕ್ಕೆ ಐದು ಮನೆ: ದಿನಾಂಕ, ಜಾಗ, ಏನು ತೆಗೆದದ್ದು, ಎಷ್ಟನೇ ಸಲ, ಕೊನೆಯದು ‘ಬೇಕು’ ಅಥವಾ ‘ಬೇಡ’. ಆಗ ನನಗೆ ಇಪ್ಪತ್ತೆರಡು. ತರಬೇತಿ ಮುಗಿಸಿ ನೇಮಕದ ಪಟ್ಟಿಗೆ ಕಾಯುತ್ತ ಶಿಕಾರಿಪುರದ ಮನೆಯಲ್ಲಿ ಕೂತಿದ್ದೆ. ಕೆಲಸವಿಲ್ಲದವನಿಗೆ ಲೆಕ್ಕ ಇಡುವುದೇ ಒಂದು ಕೆಲಸ.

ಸಿನಿಮಾ ಮಾಡಬೇಕೆಂದವರು ಸುಶೀಲಮ್ಮ ಟೀಚರ್. ಸೊರಬದಲ್ಲಿ ನನಗೆ ನಾಲ್ಕನೇ ತರಗತಿಗೆ ಪಾಠ ಮಾಡಿದವರು, ನಿವೃತ್ತರಾಗಿ ಅಲ್ಲೇ ಒಬ್ಬರೇ ಇದ್ದರು. ಶಾಲೆ ಬಿಟ್ಟ ಮೇಲಿನ ಸಂಜೆಗಳಲ್ಲಿ ಹನ್ನೊಂದು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದರು. ಕೆಳದಿ ಸಂಸ್ಥಾನದ ಕೊನೆಯ ಯುದ್ಧದ ದಿನಗಳ ಕಥೆ. ಗುಡವಿಯ ಕೆರೆ ಕಾಯುವವನ ಮಗಳು ಚೆನ್ನಿ, ದಂಡಿಗೆ ಸೇರಿದ ಹುಡುಗ ಸೋಮ. ಹೋಗುವಾಗ ಅವನು, ‘ಕೆರೆಗೆ ಹಕ್ಕಿ ಬಂದಾಗ ನಾನೂ ಬರ್ತೀನಿ’ ಎಂದು ಹೇಳಿ ಹೋಗುತ್ತಾನೆ. ಯುದ್ಧದಲ್ಲಿ ಸಾಯುತ್ತಾನೆ. ಸುದ್ದಿ ಊರಿಗೆ ಮುಟ್ಟುವ ಮೊದಲೇ ಹಕ್ಕಿಗಳು ಬರುತ್ತವೆ. ಚೆನ್ನಿ ಕೆರೆಯ ಏರಿಯ ಮೇಲೆ ನಿಂತು ನಗುತ್ತಾಳೆ. ಕಥೆ ಅಲ್ಲಿಗೇ ಮುಗಿಯುತ್ತದೆ. ಮೂರು ದಪ್ಪ ನೋಟುಪುಸ್ತಕ, ಅಚ್ಚಾಗಲಿಲ್ಲ, ಹೆಸರನ್ನೂ ಇಟ್ಟಿರಲಿಲ್ಲ.

ಆ ಫೆಬ್ರವರಿಯಲ್ಲಿ ಶಿವಮೊಗ್ಗದ ಕಣ್ಣಿನ ಡಾಕ್ಟರು ಟೀಚರಿಗೆ ನರ ಒಣಗುತ್ತಿದೆ ಎಂದಿದ್ದರು. ಬದಿಯದೆಲ್ಲ ಆಗಲೇ ಹೋಗಿತ್ತು. ‘ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತೆ ಕಣೋ ಮಲ್ಲೇಶ. ಆ ಕೊಳವೆನೂ ಸಣ್ಣಗಾಗ್ತಿದೆ’ ಎಂದರು. ನಾನು ಹಿಂದುಮುಂದು ನೋಡದೆ, ‘ದಿನಾ ಬಂದು ಕಾದಂಬರಿ ಓದಿ ಹೇಳ್ತೀನಿ ಟೀಚರ್’ ಎಂದೆ.

‘ಕೇಳೋದಕ್ಕೇನು ಅವಸರ? ಕಿವಿ ಎಲ್ಲಿಗೂ ಹೋಗ್ತಿಲ್ಲ. ನಾನು ಅದನ್ನ ನೋಡ್ಬೇಕು. ಒಂದೇ ಸಲ. ಆ ಹುಡುಗಿ ಏರಿ ಮೇಲೆ ನಿಂತಿದ್ದು ನೋಡ್ಬೇಕು.’

ಹೀಗೆ ನಾನು ವೀರೇಶಣ್ಣನ ಹತ್ತಿರ ಹೋದೆ. ಶಿಕಾರಿಪುರದಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದವನು. ಅವನ ತಂಗಿಯೂ ಟೀಚರ ಶಿಷ್ಯೆ ಎಂಬ ಒಂದೇ ಕಾರಣಕ್ಕೆ ಒಪ್ಪಿದ. ಆದರೆ ಮೊದಲೇ ಹೇಳಿಬಿಟ್ಟ: ‘ನಮ್ದು ಮದುವಿ ಕ್ಯಾಮೆರಾ ಐತಿ ತಮ್ಮಾ. ಮಾತು ಹಿಡಿಯಂಗಿಲ್ಲ. ಮೈಕ್ ಸತ್ತು ಎರಡು ವರ್ಷ ಆತು. ಮದುವ್ಯಾಗ ಯಾರ ಮಾತು ಯಾರಿಗೆ ಬೇಕು? ಮ್ಯಾಲೆ ವಾಲಗ ಕೂಡಿಸ್ತೀನಿ, ಮುಗೀತು.’

ಟೀಚರಿಗೆ ಹೇಳಿದಾಗ ಅವರಿಗೆ ಬೇಸರವೇ ಆಗಲಿಲ್ಲ. ‘ಒಳ್ಳೇದೇ ಆಯ್ತು. ಮಾತು ನನ್ನ ಹತ್ರ ಇದೆ’ ಎಂದರು. ಎಲ್ಲಿ ಮಾತು ಬೇಕೋ ಅಲ್ಲಿ ಕಪ್ಪು ಹಲಗೆಯ ಮೇಲೆ ಬರೆದು ತೋರಿಸುವುದು ಎಂದಾಯಿತು. ಅವರು ಹೇಳುವುದು, ನಾನು ಬರೆಯುವುದು. ಅಕ್ಷರ ಒಂದು ಗೇಣು ಎತ್ತರ ಇರಬೇಕು, ಒಂದು ಹಲಗೆಗೆ ಆರು ಪದ ಮೀರಬಾರದು.

ಇನ್ನೊಂದು ತೊಡಕು ದಿನಗಳದು. ಮಾರ್ಚಿನಿಂದ ಜೂನ್‌ವರೆಗೆ ಮದುವೆಯ ಕಾಲ. ಮುಹೂರ್ತವಿದ್ದ ದಿನ ವೀರೇಶಣ್ಣ ಸಿಗುತ್ತಿರಲಿಲ್ಲ. ಹಾಗಾಗಿ ನಾನು ಪಂಚಾಂಗವನ್ನು ಉಲ್ಟಾ ಓದಲು ಕಲಿತೆ. ಊರಿಗೆಲ್ಲ ಶುಭವಾದ ದಿನ ನಮಗೆ ರಜೆ, ಊರು ಬೇಡವೆಂದ ದಿನ ನಮ್ಮದು. ನೋಟುಪುಸ್ತಕದ ಪ್ರಕಾರ ನಾವು ಕೆಲಸ ಮಾಡಿದ್ದು ಒಟ್ಟು ಹತ್ತೊಂಬತ್ತು ದಿನ. ಅದರಲ್ಲಿ ಮೂರು ಅಮಾವಾಸ್ಯೆ. ಅಂಥ ದಿನವೂ ಅವನು ಹಿಂದಿನ ದಿನದ ಮದುವೆಯಿಂದ ಕೆಂಪು ಕಣ್ಣು, ಅರ್ಧ ಚಾರ್ಜಿನ ಬ್ಯಾಟರಿ ಹೊತ್ತುಕೊಂಡು ಬರುತ್ತಿದ್ದ.

ಸೋಮನ ಪಾತ್ರಕ್ಕೆ ಹೊಸಬಾಳೆಯ ನಾಗಪ್ಪ ಸಿಕ್ಕರು. ಊರ ನಾಟಕದಲ್ಲಿ ಇಪ್ಪತ್ತು ವರ್ಷದಿಂದ ರಾಜಪಾರ್ಟು ಮಾಡುತ್ತಿದ್ದ ರೈತರು. ಸೋಮನಿಗೆ ಇಪ್ಪತ್ತು, ನಾಗಪ್ಪನವರಿಗೆ ನಲವತ್ತೊಂದು. ಆದರೆ ಕತ್ತಿ, ಗುರಾಣಿ, ಬಣ್ಣದ ಪೆಟ್ಟಿಗೆ ಅವರ ಹತ್ತಿರವಿತ್ತು, ಸೈನ್ಯವನ್ನೂ ಅವರೇ ತರುತ್ತಿದ್ದರು. ಚೆನ್ನಿಯಾಗಲು ಒಪ್ಪಿದವಳು ಟೀಚರ ಪಕ್ಕದ ಮನೆಯ ಭಾರತಿ, ಹೊಲಿಗೆ ಕಲಿಯುತ್ತಿದ್ದ ಹುಡುಗಿ. ಒಪ್ಪಿದ್ದು ಅವಳು, ಷರತ್ತು ಹಾಕಿದ್ದು ಅವಳ ಅಪ್ಪ: ‘ಟೀಚರ್ ಕೇಳ್ತಾರೆ ಅಂತ ಹ್ಞೂಂ ಅಂದಿದೀನಿ. ಆದ್ರೆ ನನ್ನ ಮಗಳು ಯಾವ ಗಂಡಸಿನ ಜೊತೆನೂ ಒಂದೇ ಚಿತ್ರದಲ್ಲಿ ನಿಲ್ಲಬಾರ್ದು. ನಾಳೆ ಗಂಡಿನ ಕಡೆಯವ್ರು ಕ್ಯಾಸೆಟ್ ನೋಡಿದ್ರೆ ನಾನೇನು ಹೇಳ್ಲಿ?’

ಹೀಗಾಗಿ ನಮ್ಮ ಪ್ರೇಮಿಗಳು ಒಮ್ಮೆಯೂ ಭೇಟಿಯಾಗಲಿಲ್ಲ. ಚೆನ್ನಿಯನ್ನು ಸೊರಬದಲ್ಲಿ ತೆಗೆದೆವು, ಸೋಮನನ್ನು ಶಿಕಾರಿಪುರದ ಕಡೆ ತೆಗೆದೆವು. ಅವಳು ಬೇಲಿಯ ಆಚೆ ನೋಡಿ ನಾಚುವುದು ಮಾರ್ಚ್ 19ರಂದು. ಬೇಲಿಯ ಈಚೆಯಿಂದ ಅವನು ನೋಡುವುದು ಏಪ್ರಿಲ್ 3ಕ್ಕೆ, ನಲವತ್ತು ಕಿಲೋಮೀಟರು ದೂರದ ಇನ್ನೊಂದು ಬೇಲಿಯಲ್ಲಿ. ವೀರೇಶಣ್ಣನನ್ನು ಬಿಟ್ಟರೆ ಎರಡೂ ಕಡೆ ಹೋಗಿ ಬಂದವನು ನಾನೊಬ್ಬನೇ, ಹಲಗೆ ಹೊತ್ತುಕೊಂಡು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುತ್ತ. ಕಂಡಕ್ಟರಿಗೆ ನಾನು ಹಲಗೆ ಮಾರುವವನೆಂದೇ ಲೆಕ್ಕ.

ಆ ಮಾರ್ಚ್ 19ರಂದು ನಡೆದದ್ದನ್ನು ಇಲ್ಲಿ ಹೇಳಬೇಕು. ಕ್ಯಾಮೆರಾದ ಹಿಂಬದಿಯಲ್ಲಿ ಕಣ್ಣಿಟ್ಟು ನೋಡುವ ಸಣ್ಣ ಗಾಜು ಇರುತ್ತದಲ್ಲ, ವೀರೇಶಣ್ಣ ಟೀಚರನ್ನು ಕರೆದು ಅಲ್ಲಿ ಕಣ್ಣಿಡಲು ಹೇಳಿದ. ಒಳಗೆ ಅಂಚೆಚೀಟಿಯಷ್ಟು ದೊಡ್ಡ ಕಪ್ಪುಬಿಳುಪು ಚಿತ್ರ. ಟೀಚರು ಕಣ್ಣಿಟ್ಟವರು ತೆಗೆಯಲೇ ಇಲ್ಲ. ಅವರಿಗೆ ಉಳಿದಿದ್ದ ಕೊಳವೆಗೆ ಆ ಚಿತ್ರ ಸರಿಯಾಗಿ ಹೊಂದಿತ್ತು. ‘ಪೂರಾ ಕಾಣುತ್ತೋ! ಮೂಲೆಯಿಂದ ಮೂಲೆಗೆ ಕಾಣುತ್ತೆ. ಅವಳ ಬಳೆ ಕಾಣುತ್ತೆ.’ ಬ್ಯಾಟರಿ ಮುಗಿಯುವವರೆಗೆ ಅವರು ನೋಡಿದರು. ಆ ದಿನ ಬೇಲಿಯದು ಬಿಟ್ಟರೆ ಒಂದು ದೃಶ್ಯವೂ ಸರಿಯಾಗಿ ಮುಗಿಯಲಿಲ್ಲ. ನೋಟುಪುಸ್ತಕದಲ್ಲಿ ಉಳಿದದ್ದಕ್ಕೆಲ್ಲ ‘ಬೇಡ’ ಎಂದಿದೆ.

ಯುದ್ಧ ನಡೆದದ್ದು ಏಪ್ರಿಲ್ 17, ಬುಧವಾರ, ಅಮಾವಾಸ್ಯೆ. ಅಮಾವಾಸ್ಯೆಗೆ ಉಳಲು ಎತ್ತು ಕಟ್ಟುವುದಿಲ್ಲ, ಆದ್ದರಿಂದ ಹೊಸಬಾಳೆಯ ಹದಿನಾಲ್ಕು ಜನ ಪುರುಸೊತ್ತಾಗಿ ಒಂದು ಟ್ರ್ಯಾಕ್ಟರಿನಲ್ಲಿ ಅಂಜನಾಪುರಕ್ಕೆ ಬಂದರು. ಜಲಾಶಯದ ನೀರು ಹಿಂದೆ ಸರಿದು ನೆಲ ಒಡೆದು ಬಯಲಾಗಿತ್ತು. ಕಾದಂಬರಿಯಲ್ಲಿ ಇನ್ನೂರು ಕುದುರೆಗಳಿವೆ. ನನ್ನ ನೋಟುಪುಸ್ತಕದಲ್ಲಿ ಅಂದಿನ ಲೆಕ್ಕ: ಕುದುರೆ ಸೊನ್ನೆ, ಧೂಳು ಸಾಕಷ್ಟು. ಟ್ರ್ಯಾಕ್ಟರಿಗೆ ಮುಳ್ಳಿನ ಗಿಡಗಳನ್ನು ಕಟ್ಟಿ ಎಳೆಸಿ ಎಬ್ಬಿಸಿದ ಧೂಳು ಅದು. ಮಧ್ಯಾಹ್ನದವರೆಗೆ ಎಲ್ಲರೂ ಅದನ್ನೇ ಉಂಡೆವು.

ನಾಟಕದವರು ಸುಮ್ಮನೆ ಸಾಯುವವರಲ್ಲ. ಪ್ರತಿಯೊಬ್ಬರೂ ಎದೆ ಹಿಡಿದು, ಮೂರು ಸುತ್ತು ತಿರುಗಿ, ಕಂದ ಪದ್ಯ ಹೇಳಿ ಬೀಳುತ್ತಿದ್ದರು. ವೀರೇಶಣ್ಣನ ತಾಳ್ಮೆ ಹೋಯಿತು.

‘ಮಾತು ಹಿಡಿಯಂಗಿಲ್ಲ ಅಂತ ಎಷ್ಟು ಸಲ ಹೇಳ್ಬೇಕ್ರೀ? ಯಾಕ ಒದರ್ತೀರಿ?’

‘ಒದರದೆ ಸಾಯೋದು ಹೆಂಗ್ರೀ?’ ಎಂದರು ನಾಗಪ್ಪ. ‘ಬಾಯಿ ಮುಚ್ಕಂಡು ಸತ್ರೆ ಅದು ಸಾವಲ್ಲ, ನಿದ್ದೆ.’

ಸಂಜೆಯ ಹೊತ್ತಿಗೆ ಹನ್ನೊಂದು ಜನ ಸತ್ತು ಮುಗಿದಿತ್ತು. ಉಳಿದದ್ದು ಸೋಮನ ಸಾವು. ಕತ್ತಿ ಊರಿ ಮೊಣಕಾಲಿಗೆ ಬರಬೇಕು, ಪಕ್ಕಕ್ಕೆ ವಾಲಬೇಕು, ಅಷ್ಟೇ. ನಾಗಪ್ಪ ಬಿದ್ದರು, ಚೆನ್ನಾಗಿಯೇ ಬಿದ್ದರು. ಆದರೆ ಕ್ಯಾಮೆರಾ ನಿಲ್ಲುವ ಮೊದಲೇ ಎದ್ದು, ಮೈ ಕೊಡವಿ, ನಮ್ಮ ಕಡೆ ತಿರುಗಿ ಕೈ ಮುಗಿದರು. ಇನ್ನೊಮ್ಮೆ ತೆಗೆದೆವು. ಮತ್ತೆ ಎದ್ದರು, ಮತ್ತೆ ಕೈ ಮುಗಿದರು. ಐದನೇ ಸಲ ನಾನೇ ಹೋಗಿ ಕೇಳಿದೆ.

‘ನಾಗಪ್ಪನವರೇ, ಸತ್ತವರು ಏಳಬಾರದಲ್ಲ?’

‘ವೇಷದಾಗೆ ಸತ್ತವ ಎದ್ದು ಸಭೆಗೆ ಕೈ ಮುಗೀದೆ ಬಣ್ಣ ಒರಸ್ಬಾರ್ದು ತಮ್ಮಾ. ನಮ್ಮಪ್ಪನ ಕಾಲದಿಂದ್ಲೂ ನಮ್ಮಾಟದ ಪದ್ಧತಿ ಅದು. ಅದ್ರಾಗೂ ಇವತ್ತು ಅಮಾಸಿ. ಮನೇಲಿ ಹೆಂಡ್ತಿ ಮಕ್ಳು ಅದಾರೆ.’

‘ಕ್ಯಾಮೆರಾ ಆಫ್ ಆದ ಮೇಲೆ ಕೈ ಮುಗೀರಿ.’

‘ಆಮೇಲೆ ಮುಗುದ್ರೆ ಯಾರು ನೋಡಿದ್ರು? ಸಭೆ ಅಂದ್ರೆ ಇದೇ ಅಲ್ದಾ?’ ಎಂದು ಕ್ಯಾಮೆರಾ ತೋರಿಸಿದರು.

ಒಂಬತ್ತು ಸಲ ತೆಗೆದೆವು, ಒಂಬತ್ತು ಸಲವೂ ಎದ್ದರು. ಬೆಳಕು ಹೋಗುತ್ತಿತ್ತು. ಒಂಬತ್ತನೆಯದರಲ್ಲಿ ಬೀಳುವುದು ಚೆನ್ನಾಗಿತ್ತು. ನಾನು ನೋಟುಪುಸ್ತಕದಲ್ಲಿ ‘ಬಿದ್ದದ್ದು ಬೇಕು, ಎದ್ದದ್ದು ಬೇಡ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ವೀರೇಶಣ್ಣನಿಗೆ ತೋರಿಸಿದೆ. ಅವನು ಬ್ಯಾಟರಿ ಬಿಚ್ಚುತ್ತ ‘ನೋಡೂಣು ಬಿಡು ಡೈರಿ’ ಎಂದ. ಆ ಹೊತ್ತಿಗೆ ಅವನು ನನ್ನನ್ನು ಡೈರಿ ಎಂದೇ ಕರೆಯುತ್ತಿದ್ದ.

ಯುದ್ಧ ಮುಗಿಯಿತು, ಹಲಗೆಗಳು ಮುಗಿದವು, ಒಂದೇ ದೃಶ್ಯ ಉಳಿಯಿತು. ಏರಿ, ಹಕ್ಕಿ, ಚೆನ್ನಿ.

ಗುಡವಿಯ ಕೆರೆಗೆ ಹಕ್ಕಿಗಳು ಬರುವುದು ಮಳೆಯ ಜೊತೆಗೆ. ಇದು ಗೊತ್ತಿಲ್ಲದವರು ಸೊರಬದಲ್ಲಿ ಯಾರಿದ್ದಾರೆ? ಆದರೂ ನಾವು ಏಪ್ರಿಲ್‌ನಲ್ಲೇ ಹೋಗಲು ಶುರುಮಾಡಿದೆವು, ಏಕೆಂದರೆ ಟೀಚರ ಕಣ್ಣು ಮಳೆಯವರೆಗೆ ಕಾಯುತ್ತದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನನ್ನ ಎಣಿಕೆ ಹೀಗಿದೆ. ಏಪ್ರಿಲ್ 24, ಹಕ್ಕಿ ಇಲ್ಲ. ಮೇ 8, ಮೂರು ಬೆಳ್ಳಕ್ಕಿ, ಅವೂ ಎಮ್ಮೆಗಳ ಹಿಂದೆ ಬಂದವು. ಮೇ 17, ಇಲ್ಲ.

ಆ ಮೇ 17ರಂದು ಟೀಚರು ಕ್ಯಾಮೆರಾದ ಗಾಜಿಗೆ ಕಣ್ಣಿಟ್ಟು, ತೆಗೆದು, ಮತ್ತೆ ಇಟ್ಟರು. ಆಮೇಲೆ, ‘ಮುಚ್ಚಳ ತೆಗೆದಿಲ್ವೇನೋ ವೀರೇಶ?’ ಎಂದರು. ಮುಚ್ಚಳ ಅವನ ಜೇಬಿನಲ್ಲಿತ್ತು. ಅವನು ನನ್ನ ಮುಖ ನೋಡಿದ. ‘ಈಗ ತೆಗೆದೆ ಟೀಚರಮ್ಮ’ ಎಂದು ಬೆಳಕಿನ ಕಡೆ ತಿರುಗಿಸಿದ. ‘ಹ್ಞಾಂ, ಈಗ ಸ್ವಲ್ಪ ಕಾಣುತ್ತೆ’ ಎಂದರು.

ಮರಳುವಾಗ ವೀರೇಶಣ್ಣನೇ ಮಾತು ತೆಗೆದ. ‘ಟೀಚರಮ್ಮ, ಹಕ್ಕಿ ನನ್ನ ಹತ್ರ ಅದಾವ್ರಿ. ಪ್ರತಿ ಮದುವಿ ಕ್ಯಾಸೆಟ್ಟಿನ ಶುರುವಿಗೆ ಹಾರಿಸ್ತೀನಿ. ಅದನ್ನ ಸೇರ್ಸಿ ನಾಳೆ ನಾಡ್ದರಾಗ ಮುಗಿಸಿಬಿಡ್ತೀನಿ. ನೀವು ನೋಡ್ಬೋದು.’

‘ಅವು ಎಲ್ಲಿಯ ಹಕ್ಕಿನೋ?’

‘ಯಾವುದೋ ವಿದೇಶದ್ದು ಇರಬೇಕ್ರಿ. ಸಮುದ್ರ ಐತಿ ಹಿಂದ.’

‘ಸೋಮ ಹೇಳಿ ಹೋಗಿದ್ದು ಗುಡವಿ ಹಕ್ಕಿ ಕಣಪ್ಪ. ಸಮುದ್ರದ ಹಕ್ಕಿ ನೋಡಿ ಅವಳು ಯಾಕೆ ನಗ್ತಾಳೆ?’

ನಾನು ಬಿಡಲಿಲ್ಲ. ‘ಟೀಚರ್, ಮಳೆಗೆ ಇನ್ನೂ ತಿಂಗಳಿದೆ. ಅಷ್ಟರಲ್ಲಿ...’

‘ಅಷ್ಟರಲ್ಲಿ ಹೋದ್ರೆ ಹೋಗುತ್ತೆ’ ಎಂದರು. ‘ಸುಳ್ಳು ನೋಡೋಕೆ ಇಷ್ಟೆಲ್ಲ ಓಡಾಡ್ಬೇಕಿತ್ತೇನೋ?’

ಆಮೇಲಿನ ಐದು ವಾರ ನನಗೆ ನೆನಪಿರುವುದು ಬಸ್ಸಿನ ಸೀಟಿನಂತೆ, ಒಂದೇ ಥರ. ಮುಹೂರ್ತವಿಲ್ಲದ ದಿನ ಹುಡುಕುವುದು, ಹೋಗುವುದು, ಎಣಿಸುವುದು, ಬರುವುದು. ಭಾರತಿ ಪ್ರತಿ ಸಲ ಅದೇ ಸೀರೆ ಉಟ್ಟು ಏರಿಯ ಮೇಲೆ ನಿಲ್ಲುತ್ತಿದ್ದಳು. ನಿಂತು ನಿಂತು ಕಾಲು ಬದಲಿಸುತ್ತ, ‘ಇಷ್ಟು ಹೊತ್ತು ಆ ಚೆನ್ನಿನೂ ಕಾದಿರ್ಲಿಕ್ಕಿಲ್ಲ’ ಎನ್ನುತ್ತಿದ್ದಳು. ನಡುವೆ ನೇಮಕದ ಪಟ್ಟಿ ಬಂತು, ನನ್ನ ಹೆಸರಿರಲಿಲ್ಲ. ಆ ದಿನದ ಪುಟದಲ್ಲಿ ಅದನ್ನು ಬರೆದಿಲ್ಲ. ‘ಜೂನ್ 9, ಹಕ್ಕಿ ಏಳು’ ಎಂದಷ್ಟೇ ಇದೆ.

ಜೂನ್ 23ರಂದು ಬಂದವು. ಎರಡು ಮಳೆ ಬಿದ್ದು ಕೆರೆಗೆ ನೀರು ಸೇರಿತ್ತು. ನೀರಿನಲ್ಲಿ ನಿಂತ ಮರಗಳ ಮೇಲೆ ಬಿಳಿ, ಕಪ್ಪು, ಮತ್ತೆ ಬಿಳಿ. ಇನ್ನೂರ ಹತ್ತರವರೆಗೆ ಎಣಿಸಿ ಕೈಬಿಟ್ಟೆ. ಲೆಕ್ಕ ಅರ್ಧಕ್ಕೆ ಬಿಟ್ಟದ್ದು ಆ ಪುಸ್ತಕದಲ್ಲಿ ಅದೊಂದೇ ಕಡೆ. ಭಾರತಿಗೆ ನಗು ಎಂದು ಹೇಳಬೇಕಾಗಲಿಲ್ಲ. ಬೇಸತ್ತು ಹೋಗಿದ್ದವಳು ಹಕ್ಕಿಗಳನ್ನು ಕಂಡು ತಾನೇ ನಕ್ಕಳು, ಒಂದೇ ಸಲಕ್ಕೆ ಸಾಕಾಯಿತು. ಟೀಚರು ಅಂದು ಬಂದಿರಲಿಲ್ಲ. ಮನೆಯ ಮೆಟ್ಟಿಲಲ್ಲಿ ಎಡವಿ ಬಿದ್ದು ಒಂದು ವಾರವಾಗಿತ್ತು. ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟು ಮಾತ್ರ ಉಳಿದಿತ್ತು.

ಆ ವರ್ಷ ಅಧಿಕ ಆಷಾಢ ಬಂದಿತ್ತು. ವೀರೇಶಣ್ಣನಿಗೆ ಮದುವೆಗಳಿರಲಿಲ್ಲ. ಎರಡು ವಿ.ಸಿ.ಆರ್. ಜೋಡಿಸಿ ಕೂತು ಕ್ಯಾಸೆಟ್ ಮಾಡಿದ. ನಾನು ಜ್ವರದಿಂದ ಮಲಗಿದ್ದೆ, ನೋಟುಪುಸ್ತಕ ಕಳಿಸಿಕೊಟ್ಟೆ. ಜುಲೈ 28, ಭಾನುವಾರ ಮಧ್ಯಾಹ್ನ ಟೀಚರ ಮನೆಯ ನಡುಮನೆಯಲ್ಲಿ ಟಿ.ವಿ. ಇಟ್ಟು ಎಲ್ಲರೂ ಕೂತೆವು. ಹೊಸಬಾಳೆಯಿಂದ ನಾಗಪ್ಪ ಮತ್ತು ಸೈನ್ಯದ ಆರು ಜನ, ಭಾರತಿ, ಅವಳ ಅಪ್ಪ ಅಮ್ಮ, ಓಣಿಯ ಹೆಂಗಸರು. ಒಟ್ಟು ಇಪ್ಪತ್ತಮೂರು. ನಾಗಪ್ಪನವರನ್ನು ಭಾರತಿ ಕಂಡದ್ದು ಅದೇ ಮೊದಲು. ಬಣ್ಣವಿಲ್ಲದ, ಅರ್ಧ ನರೆತ ಮೀಸೆಯ ಮನುಷ್ಯ. ನನ್ನ ಕಿವಿಯ ಹತ್ತಿರ ಬಂದು, ‘ಇವ್ರಿಗಾ ನಾನು ನಾಲ್ಕು ತಿಂಗಳು ಕಾದಿದ್ದು?’ ಎಂದಳು.

ಟೀಚರು ಟಿ.ವಿ.ಗೆ ಒಂದು ಮೊಳ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕ್ಯಾಸೆಟ್ ಓಡತೊಡಗಿತು. ಮಾತಿಲ್ಲ, ಸಂಗೀತವಿಲ್ಲ. ಟೀಚರೇ ವಾಲಗ ಬೇಡವೆಂದಿದ್ದರು. ಹಂಚಿನ ಮೇಲೆ ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಐದು ನಿಮಿಷ ಹಾಗೇ ಕೂತರು. ಆಮೇಲೆ ಕೈಚಾಚಿ ನನ್ನ ಮೊಣಕೈ ಹುಡುಕಿದರು.

‘ಬೆಳ್ಳಗೆ ಏನೋ ಅಲುಗುತ್ತೆ ಅಷ್ಟೇ ಕಣೋ. ಹೇಳು.’

ಕೇಳುವುದು ಬೇಡ, ನೋಡಬೇಕು ಎಂದವರು. ನಾನು ಹೇಳತೊಡಗಿದೆ. ಹಲಗೆ ಬಂದಾಗ ಓದಿದೆ, ಉಳಿದಾಗ ಕಂಡದ್ದನ್ನು ಹೇಳಿದೆ. ಬೇಲಿ, ಬಳೆ, ಸೋಮನ ಪೇಟ, ಧೂಳು. ಎಲ್ಲರೂ ಟಿ.ವಿ. ನೋಡುತ್ತಿದ್ದರು, ಟೀಚರು ನನ್ನ ಕಡೆ ಕಿವಿಕೊಟ್ಟಿದ್ದರು. ಯುದ್ಧದಲ್ಲಿ ಒಬ್ಬೊಬ್ಬರೇ ಬಿದ್ದಾಗ ಹೊಸಬಾಳೆಯವರು ಹೆಸರು ಕೂಗಿ ನಗುತ್ತಿದ್ದರು. ಸೋಮ ಬಿದ್ದಾಗ ಯಾರೂ ನಗಲಿಲ್ಲ.

‘ಬಿದ್ದ, ಟೀಚರ್’ ಎಂದೆ.

‘ಹ್ಞೂಂ.’

ಅಲ್ಲಿಗೆ ಕತ್ತರಿಸಬೇಕಿತ್ತು. ನಾನು ಎರಡು ಗೆರೆ ಎಳೆದಿದ್ದೆ. ಕತ್ತರಿಸಿರಲಿಲ್ಲ. ಬಯಲಿನಲ್ಲಿ ಸತ್ತು ಬಿದ್ದ ಸೋಮ ನಿಧಾನಕ್ಕೆ ಎದ್ದ, ಮೊಣಕಾಲಿನ ಧೂಳು ಕೊಡವಿದ, ನಮ್ಮ ಕಡೆ ತಿರುಗಿ ಎರಡೂ ಕೈ ಮುಗಿದ. ನಡುಮನೆಯೆಲ್ಲ ಗೊಳ್ಳೆಂದು ನಕ್ಕಿತು. ನಾಗಪ್ಪ ಮಾತ್ರ ಗಂಭೀರವಾಗಿ ಕೂತಿದ್ದರು. ನಾನು ವೀರೇಶಣ್ಣನ ಕಡೆ ನೋಡಿದೆ. ಅವನು ಮೆಲ್ಲಗೆ ಹೇಳಿದ: ‘ಕ್ಯಾಮೆರಾಕ್ಕ ಕೈ ಮುಗಿದವ್ರನ್ನ ನಾನು ಇವತ್ತಿನ ತನಕ ಕಟ್ ಮಾಡಿಲ್ಲ ಡೈರಿ. ಬೀಗರು ಜಗಳಕ್ಕ ಬರ್ತಾರ.’

‘ಯಾಕೋ ನಗ್ತಾರೆ?’ ಎಂದರು ಟೀಚರು. ಮೊಣಕೈ ಹಿಡಿದ ಕೈ ಬಿಗಿಯಾಯಿತು. ‘ಏನಾಯ್ತು? ಹೇಳೋ.’

ಏನೂ ಇಲ್ಲವೆಂದು ಹೇಳಬಹುದಿತ್ತು. ಹನ್ನೊಂದು ವರ್ಷ ಬರೆದ ಕಥೆ, ಅದರ ಸಾವು ನಗೆಪಾಟಲಾದದ್ದನ್ನು ಅವರಿಗೆ ಯಾಕೆ ಹೇಳಬೇಕು? ಆದರೆ ಸಮುದ್ರದ ಹಕ್ಕಿ ಬೇಡವೆಂದವರಿಗೆ ನಾನು ಸುಳ್ಳು ಹೇಳಲಾರದೆ ಹೋದೆ.

‘ಎದ್ದ, ಟೀಚರ್.’

‘ಯಾರು?’

‘ಸೋಮ. ಎದ್ದು ಕೈ ಮುಗಿದ.’

ಪರದೆಯ ಮೇಲೆ ಆಗಲೇ ಚಿತ್ರ ಬದಲಾಗಿತ್ತು. ನಾನು ಹೇಳುವುದು ನಿಲ್ಲಿಸಿದ್ದೆ. ‘ಈಗ?’ ಎಂದರು.

‘ಈಗ ಏರಿ. ಹಕ್ಕಿ ಬಂದಿವೆ. ತುಂಬ ಬಂದಿವೆ. ಚೆನ್ನಿ ನಗ್ತಿದಾಳೆ.’

‘ಹಾಗಾದ್ರೆ ಹೊರಟ ಅಂತಾಯ್ತು’ ಎಂದರು ಟೀಚರು, ತಮ್ಮಷ್ಟಕ್ಕೆ ಎಂಬಂತೆ. ‘ಬರ್ತಾನೆ.’

ಎಲ್ಲರೂ ಹೋದ ಮೇಲೆ ವೀರೇಶಣ್ಣ ಬಂದು, ಬೇಕಾದರೆ ಅಷ್ಟನ್ನು ತೆಗೆದು ಬೇರೆ ಕ್ಯಾಸೆಟ್ ಮಾಡಿಕೊಡುತ್ತೇನೆ ಎಂದ. ಟೀಚರು ಬೇಡವೆಂದರು. ಆ ದಿನ ನೋಟುಪುಸ್ತಕದಲ್ಲಿ ‘ಎದ್ದದ್ದು ಬೇಡ’ ಎಂಬುದನ್ನು ಹೊಡೆದುಹಾಕಿದೆ.

ಮರುವರ್ಷ ನನಗೆ ಇದೇ ಶಿಕಾರಿಪುರ ತಾಲ್ಲೂಕಿನಲ್ಲಿ ಕೆಲಸ ಸಿಕ್ಕಿತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಎರಡು ಬಸ್ಸು ಹಿಡಿದು ಟೀಚರ ಮನೆಗೆ ಹೋಗುತ್ತೇನೆ. ಈಗ ಅವರಿಗೆ ಬೆಳಕೂ ಇಲ್ಲ. ಕ್ಯಾಸೆಟ್ಟಿಗೆ ಬೂಸು ಹಿಡಿದು ವಿ.ಸಿ.ಆರ್.ನಲ್ಲಿ ಓಡುವುದಿಲ್ಲ. ಅದಕ್ಕೇನು, ನೀನೇ ಹೇಳು ಎನ್ನುತ್ತಾರೆ. ಹೇಳುತ್ತೇನೆ. ಎಷ್ಟು ಸಲ ಹೇಳಿದ್ದೇನೆಂದು ಎಣಿಸುವುದನ್ನು ಬಿಟ್ಟಿದ್ದೇನೆ.

ಬಾಗಿಲು ಬರೆದ ಆ ವಾರದ ಶನಿವಾರವೂ ಹೋಗಿದ್ದೆ. ಮಳೆಯಲ್ಲಿ ನೆನೆದಿದ್ದೆ, ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ, ಉಗುರಿನ ಸಂದಿಯಲ್ಲಿ ಇನ್ನೂ ಆ ಬಿಳಿ ಇತ್ತು. ಬೇಗ ಮುಗಿಸೋಣವೆಂದು ಕಥೆಯನ್ನು ಅಲ್ಲಲ್ಲಿ ಮಡಚಿ ಹೇಳಿದೆ. ಬೇಲಿ ಒಂದು ಮಾತು, ಧೂಳು ಒಂದು ಮಾತು, ಸೋಮ ಬಿದ್ದ, ಹಕ್ಕಿ ಬಂದವು, ಚೆನ್ನಿ ನಕ್ಕಳು.

ಟೀಚರು ಲೋಟ ಕೆಳಗಿಟ್ಟರು.

‘ಅವನಿನ್ನೂ ಅಲ್ಲೇ ಬಿದ್ದಿದಾನಲ್ಲೋ ಮಲ್ಲೇಶ.’

ನಾನು ಕಣ್ಣು ಒರೆಸಿಕೊಂಡೆ. ಅಂಜನಾಪುರದ ಬಯಲಿಗೆ ಹಿಂದಿರುಗಿ, ಆ ಬುಧವಾರದ ಕೊನೆಯ ಬೆಳಕಿನಲ್ಲಿ ಅವನನ್ನು ಎಬ್ಬಿಸಿದೆ. ಮೊಣಕಾಲಿನ ಧೂಳು ಕೊಡವಿಸಿದೆ. ಕೈ ಮುಗಿಸಿದೆ. ಆಮೇಲೆ ಹಕ್ಕಿಗಳನ್ನು ಬರಬಿಟ್ಟೆ.